ಪಾಳಿ ಎಲ್ಲಿದೆ, ತೋರಿಸಿ

ಭಾನುವಾರ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ಗಣಪತಿ ಪೂಜೆಯಲ್ಲಿ ನಾನು ದನಿ ಏರಿಸಿದೆ. ಹಬ್ಬದ ಮನೆಯಲ್ಲಿ, ಮಕ್ಕಳ ಮುಂದೆ, ಎಲ್ಲರ ಕೈಯಲ್ಲೂ ಊಟದ ತಾಟು ಇರುವಾಗ ಹಾಗೆ ಕೂಗಬಾರದಿತ್ತು. ಆ ಮನೆಯೊಡತಿ ವೈನಿಯವರಿಗೆ ಅವತ್ತೇ ರಾತ್ರಿ ಫೋನ್ ಮಾಡಿ ಕ್ಷಮೆ ಕೇಳಿದ್ದೇನೆ, ಇಲ್ಲೂ ಕೇಳುತ್ತೇನೆ. ಆದರೆ ಕ್ಷಮೆ ಏರಿದ ದನಿಗೆ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅವತ್ತು ಅದು ಅರ್ಧಕ್ಕೇ ನಿಂತಿತು, ಉಳಿದದ್ದನ್ನು ಇಲ್ಲಿ ಹೇಳಿ ಮುಗಿಸುತ್ತೇನೆ. ಉದ್ದ ಆಗುತ್ತದೆ, ಪುರುಸೊತ್ತಿದ್ದವರು ಓದಿ.

ನಡೆದದ್ದು ಇಷ್ಟು. ಶಿರಾ ಬಡಿಸುತ್ತಿದ್ದರು. ಟಿವಿಯಲ್ಲಿ ಯಾವುದೋ ಊರಿನಲ್ಲಿ ಐಸ್, ಅಂದರೆ ವಲಸೆ ಕಾಯ್ದೆ ಜಾರಿ ಮಾಡುವವರು, ಮಾಡಿದ ದಾಳಿಯ ಸುದ್ದಿ. ನಮ್ಮ ಬಾಗಲಕೋಟೆ ಕಡೆಯ ಹುಡುಗನೊಬ್ಬ, ನನಗೆ ತಮ್ಮನ ಹಾಗೆ ಇರುವವನು, ಮನಸ್ಸಿನಲ್ಲಿ ಕೆಡುಕಿಲ್ಲದವನು, ಅಂದ: "ಅಕ್ಕಾರ, ನಾವು ಪಾಳಿ ಹಚ್ಚಿ ಬಂದೀವ್ರಿ. ಅವರು ಗ್ವಾಡಿ ಜಿಗದು ಬಂದಾರ. ವಾಪಸ್ ಕಳಿಸಿದ್ರ ತಪ್ಪೇನೈತಿ?" ಪಾಳಿ ಅಂದರೆ ಸರದಿ ಸಾಲು, ಗ್ವಾಡಿ ಅಂದರೆ ಗಡಿಯ ಗೋಡೆ, ಅವರು ಅಂದರೆ ವೀಸಾದಂಥ ಕಾಗದವಿಲ್ಲದೆ ಬಂದ ಕೂಲಿಗಳು. ಸುತ್ತ ನಾಲ್ಕು ಜನ ತಲೆಯಾಡಿಸಿದರು. ಅವನ ತಾಟಿನ ಶಿರಾದಲ್ಲಿ ತುಪ್ಪದಲ್ಲಿ ಹುರಿದು ಉಬ್ಬಿದ ಒಣದ್ರಾಕ್ಷಿ ಇತ್ತು. ಅದು ಬೆಳೆದದ್ದು ಬಹುಶಃ ಆ ಮನೆಯಿಂದ ಹತ್ತು ಹನ್ನೆರಡು ಮೈಲಿ ದೂರದಲ್ಲಿ. ಅದನ್ನು ಕೊಯ್ದವರನ್ನು ಎರಡು ದಿನದ ಹಿಂದೆಯಷ್ಟೇ ನಾನು ನೋಡಿ ಬಂದಿದ್ದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲು ಅಂದರೆ ಇಲ್ಲಿನ ಸೆಂಟ್ರಲ್ ವ್ಯಾಲಿ ಕಣಿವೆಯ ಫ್ರೆಸ್ನೊ, ಮಡೇರಾ, ಸೆಲ್ಮಾ ಸುತ್ತ ಒಣದ್ರಾಕ್ಷಿ ಸುಗ್ಗಿ. ವಿಜಯಪುರದ ನಮ್ಮ ತಿಕೋಟಾ ಕಡೆ ದ್ರಾಕ್ಷಿಯನ್ನು ದ್ರಾವಣದಲ್ಲಿ ಅದ್ದಿ ಶೆಡ್ಡಿನ ನೆರಳಲ್ಲಿ ಜಾಳಿಗೆಯ ಮೇಲೆ ಒಣಗಿಸುತ್ತಾರಲ್ಲ, ಅದಕ್ಕೇ ನಮ್ಮ ಮಣೂಕಕ್ಕೆ, ಅಂದರೆ ಒಣದ್ರಾಕ್ಷಿಗೆ, ಹಸಿರು ಹಳದಿ ಬಣ್ಣ. ಇಲ್ಲಿ ಹಾಗಲ್ಲ. ಗೊನೆಯನ್ನು ಬಾಗಿದ ಸಣ್ಣ ಚೂರಿಯಿಂದ ಕೊಯ್ದು, ಎರಡು ಸಾಲಿನ ನಡುವಿನ ಮಣ್ಣಿನ ಮೇಲೆ ಕಾಗದದ ಹಾಳೆ ಹಾಸಿ, ಅದರ ಮೇಲೆ ಹರಡುತ್ತಾರೆ. ಬಿಸಿಲಲ್ಲೇ ಒಣಗಿ ಕಪ್ಪಾಗಬೇಕು. ಒಂದು ಹಾಳೆಗೆ ಒಂಬತ್ತು ಹತ್ತು ಕಿಲೊ ಹಸಿ ದ್ರಾಕ್ಷಿ. ಕೂಲಿ ಹಾಳೆಯ ಲೆಕ್ಕದಲ್ಲಿ. ಆಮೇಲೆ ಬಂದು ಮಗುಚಬೇಕು, ಇನ್ನೊಂದು ಸಲ ಬಂದು ಹಾಳೆ ಸುತ್ತಬೇಕು, ಕೊನೆಗೆ ಎತ್ತಿ ತುಂಬಬೇಕು. ಪ್ರತಿಯೊಂದಕ್ಕೂ ನೆಲದ ತನಕ ಬಗ್ಗಲೇಬೇಕು. ಈಗ ಎಷ್ಟೋ ತೋಟಗಳಲ್ಲಿ ಬಳ್ಳಿಯಲ್ಲೇ ಒಣಗಿಸಿ ಯಂತ್ರದಿಂದ ಉದುರಿಸುತ್ತಾರೆ, ನಿಜ. ಹಳೆಯ ತೋಟಗಳು ಮಾತ್ರ ಇನ್ನೂ ಕೈಯನ್ನೇ ನಂಬಿವೆ.

ಶುಕ್ರವಾರ ಕೆಲಸಕ್ಕೆ ಹೋಗುವಾಗ ಮಡೇರಾ ದಾಟಿ ಒಂದು ತೋಟದ ಬದಿಗೆ ಕಾರು ನಿಲ್ಲಿಸಿದೆ. ಟಯರಿನ ದೀಪ ಹತ್ತಿತ್ತು, ಬೇರೆ ಕಾರಣ ಇರಲಿಲ್ಲ. ಬೆಳಿಗ್ಗೆ ಇನ್ನೂ ಏಳು ಆಗಿಲ್ಲ, ಆಗಲೇ ಸೆಕೆ. ಮೊದಲನೇ ಸಾಲಿನಲ್ಲಿ ಒಬ್ಬಳು ಹೆಂಗಸು. ತಲೆಯ ಮೇಲೆ ಟೋಪಿ, ಅದರ ಕೆಳಗೆ ಕಣ್ಣು ಮಾತ್ರ ಕಾಣುವಂತೆ ಮುಖಕ್ಕೆ ಕಟ್ಟಿದ ಬಟ್ಟೆ, ಮೈಗೆ ದಪ್ಪನೆಯ ತುಂಬುತೋಳಿನ ಅಂಗಿ. ಗೊನೆ ಕೊಯ್ಯುವ ಕೈ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಕೊಯ್ದು, ಎಸೆಯದೆ, ಮಗುವನ್ನು ಮಲಗಿಸಿದ ಹಾಗೆ ಹಾಳೆಯ ಮೇಲೆ ಇಟ್ಟು, ಬೆರಳಿನಿಂದ ಬಿಡಿಸಿ ಹರಡುತ್ತಿದ್ದಳು. ನನ್ನ ಕಾರಿನ ಬಾಗಿಲು ಧಡ್ ಎಂದಿತು. ಅಷ್ಟಕ್ಕೇ ಆಕೆ ಬಳ್ಳಿಯ ಕೆಳಗೆ ಕೂತುಬಿಟ್ಟಳು. ಅವಳ ಹಿಂದಿನ ಸಾಲು, ಅದರ ಹಿಂದಿನ ಸಾಲು, ಎಲ್ಲ ಕಡೆ ಜನ ಕೂತರು. ಇಪ್ಪತ್ತು ಇಪ್ಪತ್ತೈದು ಜನ ಇದ್ದ ತೋಟದಲ್ಲಿ ಯಾರೂ ಇಲ್ಲವೆಂಬಂತೆ ಆಯಿತು. ನಾನು ಹೆಂಗಸು, ಒಬ್ಬಳೇ ಇದ್ದೇನೆ, ಟಯರು ನೋಡುತ್ತಿದ್ದೇನೆ ಎಂದು ಖಾತ್ರಿಯಾದ ಮೇಲೆ ಒಬ್ಬೊಬ್ಬರಾಗಿ ಎದ್ದರು. ಯಾರೋ ಏನೋ ಅಂದರು. ಅದು ಸ್ಪ್ಯಾನಿಶ್ ಅಲ್ಲ, ಸ್ಪ್ಯಾನಿಶ್ ನನಗೆ ಔಷಧಿ ಅಂಗಡಿಯ ಮಟ್ಟಿಗೆ ಬರುತ್ತದೆ. ಮಡೇರಾದಲ್ಲಿ ಮೆಕ್ಸಿಕೋದ ಓಹಾಕಾ ಕಡೆಯ ಮಿಶ್ಟೆಕ್ ಮೂಲನಿವಾಸಿ ಜನ ಬಹಳ, ಅವರ ಭಾಷೆಯೇ ಬೇರೆ. ತಮ್ಮ ದೇಶದಲ್ಲೂ ಭಾಷೆಯಿಂದಾಗಿ ಕೀಳಾಗಿ ಕಂಡವರು, ಇಲ್ಲಿ ಬಂದ ಮೇಲೆ ಕಾಗದ ಇಲ್ಲದ್ದರಿಂದ ಕೀಳಾದವರು.

ಬಾಗಿಲಿನ ಸಪ್ಪಳಕ್ಕೆ ನೆಲಕ್ಕೆ ಕೂರುವ ಜನರನ್ನು ನೋಡಿದ ಮೇಲೆ ನನಗೆ ಆ "ಪಾಳಿ" ಎಂಬ ಮಾತು ಕೇಳಿಸಿಕೊಳ್ಳಲು ಆಗಲಿಲ್ಲ.

ತಮ್ಮಾ, ಯಾವ ಪಾಳಿ? ಹೇಳು ನನಗೆ. ನೀನು ಡಿಗ್ರಿಯವರಿಗೆ ಕೊಡುವ ಎಚ್-1ಬಿ ಕೆಲಸದ ವೀಸಾದ ಮೇಲೆ ಬಂದೆ, ನಾನೂ ಹಾಗೇ. ನಮಗೆ ಪಾಳಿ ಇತ್ತು. ಉದ್ದ ಪಾಳಿ, ಸಂಕಟದ ಪಾಳಿ, ಆದರೂ ಇತ್ತು. ದ್ರಾಕ್ಷಿ ಕೊಯ್ಯುವವರಿಗೆ ಅದು ಇಲ್ಲ. ಡಿಗ್ರಿ ಇಲ್ಲದ ಕೂಲಿ ಕೆಲಸದವರಿಗೆ ಕೆಲಸದ ಆಧಾರದ ಗ್ರೀನ್ ಕಾರ್ಡ್ (ಇಲ್ಲೇ ಕಾಯಂ ಇರುವ ಪರವಾನಗಿ) ಅಂತ ಕಾನೂನಿನಲ್ಲಿ ಇರುವುದು ವರ್ಷಕ್ಕೆ ಹೆಚ್ಚೆಂದರೆ 10,000. ಇಡೀ ಜಗತ್ತಿಗೆ, ಎಲ್ಲ ಬಗೆಯ ಕೂಲಿಗೆ, ಹೆಂಡತಿ ಮಕ್ಕಳನ್ನೂ ಎಣಿಸಿ. ಅದಕ್ಕೂ ವರ್ಷವಿಡೀ ನಡೆಯುವ ಕಾಯಂ ಕೆಲಸ ಬೇಕು. ದ್ರಾಕ್ಷಿ ಕೊಯ್ಲು ಐದಾರು ವಾರದ್ದು. ಹಾಗಾದರೆ ಆ ಹೆಂಗಸು ಓಹಾಕಾದ ಗುಡ್ಡದ ಮೇಲೆ ಯಾವ ಕಿಟಕಿಯ ಮುಂದೆ ಪಾಳಿ ಹಚ್ಚಬೇಕಿತ್ತು?

ಹೊಲದ ಸುಗ್ಗಿ ಕೆಲಸಕ್ಕೆ ಕೊಡುವ ತಾತ್ಕಾಲಿಕ ವೀಸಾ ಎಚ್-2ಎ ಇದೆಯಲ್ಲ ಅನ್ನುತ್ತೀರಿ. ಇದೆ. 2023ರಲ್ಲಿ 3.7 ಲಕ್ಷಕ್ಕೂ ಹೆಚ್ಚು ಹುದ್ದೆಗೆ ಮಂಜೂರಾತಿ ಸಿಕ್ಕಿತು. ಅದರ ಮೇಲೆ ಬಂದವನು ಕರೆಸಿದ ಮಾಲೀಕನ ಹತ್ತಿರವೇ ದುಡಿಯಬೇಕು, ಸಾಮಾನ್ಯವಾಗಿ ಅವನು ಕೊಟ್ಟ ಮನೆಯಲ್ಲೇ ಇರುತ್ತಾನೆ, ಸುಗ್ಗಿ ಮುಗಿದ ಮೇಲೆ ಹೊರಡಬೇಕು. ಮಾಲೀಕನ ಜೊತೆ ಜಗಳವಾಗಿ ಕೆಲಸ ಹೋದರೆ ಇಲ್ಲಿ ಉಳಿಯುವ ಆಧಾರವೇ ಅಲುಗಾಡುತ್ತದೆ. ಹೈನು ದೊಡ್ಡಿಗಳಿಗೆ ಅದು ಸಿಗುವುದೇ ಇಲ್ಲ, ಏಕೆಂದರೆ ಹಸು ವರ್ಷವಿಡೀ ಹಾಲು ಕೊಡುತ್ತದೆ, ವೀಸಾ ಇರುವುದು ಋತುವಿನ ಕೆಲಸಕ್ಕೆ. ಇನ್ನು ಇಪ್ಪತ್ತು ವರ್ಷದಿಂದ ಇಲ್ಲೇ ಇರುವವರು, ಮಕ್ಕಳು ಇಲ್ಲೇ ಹುಟ್ಟಿದವರು "ಹೋಗಿ ಸರಿಯಾದ ದಾರಿಯಲ್ಲಿ ಬರುತ್ತೇವೆ" ಅಂದರೂ ಆಗದು. ಒಂದು ವರ್ಷಕ್ಕಿಂತ ಹೆಚ್ಚು ಕಾಗದವಿಲ್ಲದೆ ಇದ್ದು ಹೊರಗೆ ಹೋದವರಿಗೆ ಹತ್ತು ವರ್ಷ ಬಾಗಿಲು ಮುಚ್ಚಬೇಕೆಂದು 1996ರ ಕಾಯ್ದೆ ಹೇಳುತ್ತದೆ.

ಪಾಳಿ ಇಲ್ಲದಿರುವುದು ಯಾರದೋ ಕಣ್ತಪ್ಪಿನಿಂದ ಆದದ್ದಲ್ಲ. ನನ್ನ ಸಿಟ್ಟು ಇರುವುದೇ ಇಲ್ಲಿ. ಈ ದೇಶದ ಹೊಲಗಳಲ್ಲಿ ಬೆಳೆಗೆ ಕೈ ಹಚ್ಚುವ ಕೂಲಿಗಳಲ್ಲಿ ಸುಮಾರು 40 ಶೇಕಡಾ ಜನರಿಗೆ ಕಾಗದವಿಲ್ಲ. ಸರ್ಕಾರವೇ ಮಾಡಿಸುವ ಸಮೀಕ್ಷೆಯಲ್ಲಿ ಕೂಲಿಗಳೇ ಕೊಟ್ಟ ಉತ್ತರ ಇದು. ಎಷ್ಟೋ ವರ್ಷದಿಂದ ಹೆಚ್ಚುಕಡಿಮೆ ಇದೇ ಲೆಕ್ಕ. ಎಲ್ಲರಿಗೂ ಗೊತ್ತು, ಎಲ್ಲರೂ ಒಪ್ಪಿಕೊಂಡು ನಡೆಸಿಕೊಂಡು ಬಂದದ್ದು.

ಹಿಂದಕ್ಕೆ ಹೋಗಿ ನೋಡಿ. 1935ರಲ್ಲಿ ಕಾರ್ಮಿಕರಿಗೆ ಸಂಘ ಕಟ್ಟುವ ಹಕ್ಕು ಕೊಟ್ಟ ಕಾಯ್ದೆ ಬಂತು, ಹೊಲದ ಕೂಲಿಯನ್ನು ಹೊರಗಿಟ್ಟರು. 1938ರಲ್ಲಿ ಕನಿಷ್ಠ ಕೂಲಿ, ಓವರ್‌ಟೈಮ್ ಕಾಯ್ದೆ ಬಂತು, ಮತ್ತೆ ಹೊರಗಿಟ್ಟರು. ಕೇಂದ್ರ ಕಾನೂನಿನಲ್ಲಿ ಹೊಲದ ಕೂಲಿಗೆ ಇವತ್ತಿಗೂ ಓವರ್‌ಟೈಮ್ ಇಲ್ಲ. ಕ್ಯಾಲಿಫೋರ್ನಿಯಾ ತಾನೇ 2016ರಲ್ಲಿ ಕಾಯ್ದೆ ಮಾಡಿ ಹಂತಹಂತವಾಗಿ ಕೊಟ್ಟಿತು. 1942ರಲ್ಲಿ ಯುದ್ಧಕ್ಕೆ ಗಂಡಸರು ಹೋದಾಗ ಮೆಕ್ಸಿಕೋದಿಂದ ಕರಾರಿನ ಮೇಲೆ ಜನ ತರಿಸಿದರು. ಬ್ರಸೆರೊ ಎಂದು ಹೆಸರು. ತೋಳು ಎನ್ನುವ ಮಾತಿನಿಂದ ಬಂದದ್ದು. ಮನುಷ್ಯ ಬೇಡ, ತೋಳು ಸಾಕು. ಗಡಿಯಲ್ಲಿ ಬಟ್ಟೆ ಬಿಚ್ಚಿಸಿ ಡಿಡಿಟಿ ಹೊಡೆದು ಒಳಗೆ ಬಿಡುತ್ತಿದ್ದರು. 1964ಕ್ಕೆ ಅದನ್ನು ನಿಲ್ಲಿಸುವ ಹೊತ್ತಿಗೆ 46 ಲಕ್ಷ ಕರಾರು ಆಗಿತ್ತು. ಕಾಗದ ನಿಂತಿತು. ಹೊಲ ಅಲ್ಲೇ ಇತ್ತು, ತೋಟದವನಿಗೆ ಜನ ಬೇಕಿತ್ತು, ದಾರಿ ಅವರಿಗೆ ಗೊತ್ತಿತ್ತು. ನಿನ್ನೆಯ ತನಕ ಕರೆದು ತಂದವರೇ ಇವತ್ತಿನಿಂದ ಗ್ವಾಡಿ ಜಿಗಿದವರು ಆದರು.

1986ರಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾಯ್ದೆ ಸುಮಾರು 27 ಲಕ್ಷ ಜನರಿಗೆ ಕಾಗದ ಕೊಟ್ಟಿತು. ಅದರಲ್ಲಿ ಹನ್ನೊಂದು ಲಕ್ಷದಷ್ಟು ಹೊಲದ ಕೂಲಿಗಳು. ಅದೇ ಕಾಯ್ದೆಯಲ್ಲಿ, ಇನ್ನು ಮೇಲೆ ಕಾಗದವಿಲ್ಲದವರನ್ನು ಗೊತ್ತಿದ್ದೂ ಕೆಲಸಕ್ಕೆ ಇಟ್ಟುಕೊಂಡರೆ ಮಾಲೀಕನಿಗೆ ದಂಡ ಅಂದರು. ಆ "ಗೊತ್ತಿದ್ದೂ" ಎಂಬ ಒಂದೇ ಮಾತು ಮಾಲೀಕರನ್ನೆಲ್ಲ ಕಾಪಾಡಿತು. ಕೊಟ್ಟ ಕಾರ್ಡು ನೋಡಲು ಅಸಲಿಯ ಹಾಗೆ ಕಂಡರೆ ಅವನ ಜವಾಬ್ದಾರಿ ಮುಗಿಯಿತು. ಎಷ್ಟೋ ತೋಟದವರಂತೂ ಕಾರ್ಡನ್ನೂ ನೋಡುವುದಿಲ್ಲ. ಜನರನ್ನು ತರುವವನು ನಡುವಿನ ಗುತ್ತಿಗೆದಾರ. ನಮ್ಮಲ್ಲಿ ಕಬ್ಬು ಕಡಿಯಲು ಟೋಳಿ ಕಟ್ಟಿಕೊಂಡು ಹೋಗುವ ಮುಕಾದಮ ಇರುತ್ತಾನಲ್ಲ, ಅವನೇ. ಬಿಸಿಲಲ್ಲಿ ಯಾರಾದರೂ ಬಿದ್ದರೆ ತೋಟದವನು ಗುತ್ತಿಗೆದಾರನ ಕಡೆ ಬೆರಳು ಮಾಡುತ್ತಾನೆ.

ಬಿದ್ದಿದ್ದಾರೆ. 2008ರ ಮೇ ತಿಂಗಳಲ್ಲಿ ಸ್ಟಾಕ್ಟನ್ ಹತ್ತಿರದ ದ್ರಾಕ್ಷಿತೋಟದಲ್ಲಿ 17 ವರ್ಷದ ಹುಡುಗಿ ಬಿಸಿಲಿಗೆ ಕುಸಿದು, ಎರಡು ದಿನದ ಮೇಲೆ ಸತ್ತಳು. ಬಸುರಿ. ಒಂಬತ್ತು ಗಂಟೆ ದುಡಿದಿದ್ದಳು. ಕುಡಿಯುವ ನೀರು ಹತ್ತು ನಿಮಿಷ ನಡೆಯುವಷ್ಟು ದೂರ. ಕೂಲಿಗೆ ನೀರು, ನೆರಳು ಕೊಡಲೇಬೇಕೆಂಬ ನಿಯಮ ಕ್ಯಾಲಿಫೋರ್ನಿಯಾದಲ್ಲಿ 2005ರಲ್ಲೇ ಬಂದಿತ್ತು. ನಿಯಮ ಇದ್ದರೆ ಸಾಕೇ? ನೀರು ದೂರ ಇದೆ ಎಂದು ಯಾರಾದರೂ ದೂರು ಕೊಡಬೇಕಲ್ಲ. ಬಾಗಿಲ ಸಪ್ಪಳಕ್ಕೆ ನೆಲಕ್ಕೆ ಕೂರುವವರು ಯಾವ ಕಚೇರಿಗೆ ಹೋಗಿ ದೂರು ಕೊಡುತ್ತಾರೆ? ಈ ಭಯವೇ ಇಲ್ಲಿನ ಬೇಸಾಯದ ಗೊಬ್ಬರ, ಇದೇ ನೀರು. ಕಾಗದವಿಲ್ಲದ ಕೂಲಿಗಳು ಬೇಕು, ಕಾಗದ ಕೇಳುವ ಕೂಲಿಗಳು ಬೇಡ. ಇಷ್ಟನ್ನೇ ಭಾನುವಾರ ಹೇಳಲು ಹೊರಟಿದ್ದೆ, ಸಿಟ್ಟಿನಲ್ಲಿ ಮಾತು ಎತ್ತಲೋ ಹೋಯಿತು.

ನನ್ನ ಔಷಧಿ ಕೌಂಟರಿನ ಒಂದು ಸಂಗತಿ ಹೇಳಬೇಕು. ಗುರುತು ಸಿಗುವಂಥದ್ದೇನೂ ಹೇಳುವುದಿಲ್ಲ. ಕೈಯ ಚರ್ಮ ಬಿರಿದು ಬಂದಿದ್ದ ಒಬ್ಬ ತಾಯಿಗೆ ಮುಲಾಮು ಕೊಡುವಾಗ ಹೆಸರು ಕೇಳಿದೆ. ಒಂದು ಹೆಸರು ಹೇಳಿದಳು. ಕಂಪ್ಯೂಟರಿನಲ್ಲಿ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದು ಹೆಸರು ಹೇಳಿದಳು, ಅದು ಸಿಕ್ಕಿತು. ಒಂದು ಕೆಲಸದ ಕಾರ್ಡಿನ ಹೆಸರು, ಒಂದು ಅವ್ವ ಅಪ್ಪ ಇಟ್ಟದ್ದು. ಜೊತೆಗಿದ್ದ ಏಳೆಂಟು ವರ್ಷದ ಮಗಳು ಇಂಗ್ಲಿಷಿನಲ್ಲಿ ನನಗೆ ಹೇಳಿದಳು: "ಎರಡನೆಯದೇ ನಮ್ಮಮ್ಮ." ಆ ತಾಯಿ ಮಗಳ ಬಾಯಿ ಮುಚ್ಚಿದಳು. ಬಿರಿದ ಕೈಯಲ್ಲಿ.

ಆ ಮೊದಲನೆಯ ಹೆಸರಿನ ಮೇಲೆ ಪ್ರತಿ ವಾರ ಅವಳ ಪಗಾರದಿಂದ ತೆರಿಗೆ ಮುರಿಯುತ್ತಾರೆ. ಕಾಗದವಿಲ್ಲದವರು 2022ರಲ್ಲಿ ಕಟ್ಟಿದ ತೆರಿಗೆ 9,670 ಕೋಟಿ ಡಾಲರ್ ಎಂದು ತೆರಿಗೆ ನೀತಿ ಅಧ್ಯಯನ ಮಾಡುವ ಐಟಿಇಪಿ ಸಂಸ್ಥೆ ಅಂದಾಜು ಮಾಡಿದೆ. ಅದರಲ್ಲಿ 2,570 ಕೋಟಿ ಸೋಷಿಯಲ್ ಸೆಕ್ಯೂರಿಟಿ ಎಂಬ ಸರ್ಕಾರಿ ಪಿಂಚಣಿ ನಿಧಿಗೆ ಹೋಯಿತು. ಮುಪ್ಪಿನಲ್ಲಿ ಆ ಪಿಂಚಣಿ ಅವರಿಗೆ ಬರುವುದಿಲ್ಲ. ನಿಮಗೆ ಬರುತ್ತದೆ, ನನಗೆ ಬರುತ್ತದೆ. "ಅವರು ನಮ್ಮ ತೆರಿಗೆಯಲ್ಲಿ ತಿನ್ನುತ್ತಾರೆ" ಎಂದು ಮೊನ್ನೆ ಇನ್ನೊಬ್ಬರು ಅಂದಿರಲ್ಲ, ದಯವಿಟ್ಟು ಇದನ್ನು ಎರಡು ಸಲ ಓದಿ.

ಇನ್ನೊಂದು ವಾದ ಬಂತು: ಇವರನ್ನು ಕಳಿಸಿದರೆ ಕೂಲಿ ಏರುತ್ತದೆ, ಇಲ್ಲಿಯವರೇ ಕೆಲಸಕ್ಕೆ ಬರುತ್ತಾರೆ. ಕೂಲಿ ಏರಲಿ ಎಂದು ನಾನೂ ಬಯಸುತ್ತೇನೆ, ಆ ಮಟ್ಟಿಗೆ ಒಪ್ಪಿದೆ. ಆದರೆ ಇದನ್ನು ಮಾಡಿ ನೋಡಿ ಆಗಿದೆ. 2011ರಲ್ಲಿ ಜಾರ್ಜಿಯಾ ರಾಜ್ಯ ಕಠಿಣ ಕಾಯ್ದೆ ತಂದಿತು. ಕೂಲಿಗಳು ರಾತ್ರೋರಾತ್ರಿ ಬೇರೆ ರಾಜ್ಯಕ್ಕೆ ಹೋದರು, ಸೌತೆಕಾಯಿ ಬಳ್ಳಿಯಲ್ಲೇ ಕೊಳೆಯಿತು. ಶಿಕ್ಷೆಯಾಗಿ ಜೈಲಿನ ಬದಲು ನಿಗಾದ ಮೇಲೆ ಹೊರಗಿದ್ದ ನಿರುದ್ಯೋಗಿಗಳನ್ನು ಹೊಲಕ್ಕೆ ಕಳಿಸೋಣ ಎಂದರು ಗವರ್ನರ್. ಬಂದವರಲ್ಲಿ ಅನೇಕರು ಮಧ್ಯಾಹ್ನಕ್ಕೇ ಬಿಟ್ಟು ಹೋದರು. ಅದೇ ವರ್ಷ ನಾರ್ತ್ ಕ್ಯಾರೊಲಿನಾದಲ್ಲಿ ತೋಟದವರ ಸಂಘವೊಂದು 6,500 ಕೆಲಸ ಇದೆ ಎಂದು ಸಾರಿತು. ರಾಜ್ಯದಲ್ಲಿ ನಿರುದ್ಯೋಗಿಗಳು ಐದು ಲಕ್ಷದ ಹತ್ತಿರ. ಮುಂದೆ ಬಂದ ಅಮೆರಿಕನ್ನರು 268. ಮೊದಲ ದಿನ ಹೊಲಕ್ಕೆ ಬಂದವರು 163. ಸುಗ್ಗಿ ಮುಗಿಯುವ ತನಕ ನಿಂತವರು 7.

ಇಷ್ಟಾದರೂ 2025ರ ಜುಲೈನಲ್ಲಿ ಕೃಷಿ ಕಾರ್ಯದರ್ಶಿ ಬ್ರೂಕ್ ರೋಲಿನ್ಸ್ ಅವರು, ಬಡವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಡ್ ಮೇಲಿರುವ 3.4 ಕೋಟಿ ಗಟ್ಟಿಮುಟ್ಟಾದ ಜನ ಇದ್ದಾರೆ, ಕೂಲಿಯ ಕೊರತೆ ಆಗದು ಎಂಬರ್ಥದ ಮಾತಾಡಿದರು. ಅದಕ್ಕೂ ಮೊದಲು ಜೂನ್‌ನಲ್ಲಿ ಸ್ವತಃ ಅಧ್ಯಕ್ಷ ಟ್ರಂಪ್ ಅವರೇ, ತೋಟದವರ ಹಳೆಯ ಒಳ್ಳೆಯ ಕೆಲಸಗಾರರು ಕೈಬಿಟ್ಟು ಹೋಗುತ್ತಿದ್ದಾರೆ ಎಂದು ಬರೆದರು. ಕೆಲವು ದಿನ ಹೊಲಗಳ ಮೇಲಿನ ದಾಳಿ ನಿಂತಿತು, ಮತ್ತೆ ಶುರುವಾಯಿತು. ಜುಲೈ 10ಕ್ಕೆ ಕ್ಯಾಮರಿಲ್ಲೊ ಹತ್ತಿರದ ಗಾಂಜಾ ಬೆಳೆಯುವ ಹಸಿರುಮನೆಗಳ ಮೇಲೆ ದಾಳಿ ಮಾಡಿ 300ಕ್ಕೂ ಹೆಚ್ಚು ಜನರನ್ನು ಹಿಡಿದರು. ಆ ಹೊತ್ತಿನಲ್ಲಿ ಛಾವಣಿಯಿಂದ ಬಿದ್ದ ಕೆಲಸಗಾರನೊಬ್ಬ ಆಸ್ಪತ್ರೆಯಲ್ಲಿ ತೀರಿಕೊಂಡ. ಅದಕ್ಕೂ ಐದು ವರ್ಷ ಹಿಂದೆ, 2020ರ ಮಾರ್ಚ್‌ನಲ್ಲಿ, ಕೋವಿಡ್ ಕಾಲದಲ್ಲಿ, ನಾವೆಲ್ಲ ಮನೆಯಲ್ಲಿ ಕೂತು ಕೈಗೆ ಸ್ಯಾನಿಟೈಸರ್ ತಿಕ್ಕುತ್ತಿದ್ದಾಗ ಇದೇ ಜನರನ್ನು ಸರ್ಕಾರ "ಅತ್ಯಗತ್ಯ ಕೆಲಸಗಾರರು" ಎಂದು ಕರೆದಿತ್ತು. ದಾರಿಯಲ್ಲಿ ಪೊಲೀಸರು ತಡೆದರೆ ತೋರಿಸಲು ಮಾಲೀಕರು ಚೀಟಿ ಬರೆದು ಕೊಟ್ಟಿದ್ದರು. ಇಲ್ಲಿ ಇರಲು ಕಾಗದವಿಲ್ಲದವನ ಕೈಗೆ, ಇವನು ದೇಶಕ್ಕೆ ಬೇಕಾದವನು ಎಂಬ ಕಾಗದ.

ಮತ್ತೆ ಪಾಳಿಗೆ ಬರುತ್ತೇನೆ, ಮನಸ್ಸು ಅಲ್ಲೇ ಸುತ್ತುತ್ತಿದೆ. ನಾವು ಭಾರತದವರು ಈ ಕಣಿವೆಗೆ ಬಂದದ್ದೇ ಹೊಲದ ಕೂಲಿಗಳಾಗಿ. ನೂರು ವರ್ಷದ ಹಿಂದಿನ ಪಂಜಾಬಿಗಳು. ಸ್ಟಾಕ್ಟನ್ನಿನ ಗುರುದ್ವಾರ 1912ರದ್ದು. 1913ರ ಕಾಯ್ದೆ ಅವರಂಥವರು ಇಲ್ಲಿ ಜಮೀನು ಕೊಳ್ಳದಂತೆ ಮಾಡಿತು. 1923ರಲ್ಲಿ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಭಾರತೀಯರಿಗೆ ಪೌರತ್ವ ಇಲ್ಲ ಅಂದಿತು. ನಡುವೆ 1917ರ ಕಾಯ್ದೆ ಭಾರತದಿಂದ ಕೂಲಿಗಳು ಬರುವ ಬಾಗಿಲನ್ನೇ ಹಾಕಿತು. ಆಮೇಲೆ ಬಂದವರು ಹೇಗೆ ಬಂದರು? ಎಷ್ಟೋ ಜನ ಮೆಕ್ಸಿಕೋಕ್ಕೆ ಹೋಗಿ, ಅಲ್ಲಿಂದ ಗಡಿ ದಾಟಿ. ಇವತ್ತು ಯೂಬಾ ಸಿಟಿಯ ಸಿಖ್ಖರ ಮೆರವಣಿಗೆಗೆ ಹೋಗಿ ನಾವು ಹೆಮ್ಮೆಯಿಂದ ಫೋಟೊ ಹಾಕುತ್ತೇವಲ್ಲ, ಆ ಬೇರಿನಲ್ಲಿ ಇವರೂ ಇದ್ದಾರೆ. 2025ರ ಫೆಬ್ರವರಿ 5ಕ್ಕೆ 104 ಭಾರತೀಯರನ್ನು ಕೈಕಾಲಿಗೆ ಸರಪಳಿ ಹಾಕಿ ಮಿಲಿಟರಿ ವಿಮಾನದಲ್ಲಿ ಅಮೃತಸರಕ್ಕೆ ತಂದು ಇಳಿಸಿದಾಗ ನಮ್ಮ ಗುಂಪಿನಲ್ಲಿ ಎಲ್ಲರ ರಕ್ತ ಕುದಿಯಿತು. ಕುದಿಯಲೇಬೇಕು. ಅವರೂ ಪಾಳಿ ಇಲ್ಲದೆ ಬಂದವರೇ. ಅವತ್ತಿನ ಮರುಕವನ್ನು ಓಹಾಕಾದ ಹೆಂಗಸಿಗೂ ಕೊಡಿ ಎಂದಷ್ಟೇ ನಾನು ಕೇಳುವುದು.

ಈಗ ನನ್ನದನ್ನೂ ಹೇಳಿಬಿಡುತ್ತೇನೆ. ಗ್ರೀನ್ ಕಾರ್ಡಿಗೆ ಕಾಯುತ್ತಿದ್ದ ವರ್ಷಗಳಲ್ಲಿ ನಾನೂ ಇದೇ ಮಾತು ಆಡಿದ್ದೇನೆ. ಅಪ್ಪನ ಮಣ್ಣಿಗೆ ಹೋಗಲಾಗಲಿಲ್ಲ, ಊರಿಗೆ ಹೋದರೆ ವೀಸಾ ಸ್ಟಾಂಪಿಂಗ್ ಆಗದೆ ಮರಳಲಾಗದೆಂಬ ಭಯ. ಆ ಸಂಕಟ ಸಿಟ್ಟಾಗಿ ತಿರುಗಿದ್ದು ಕಾಯಿಸಿದವರ ಮೇಲಲ್ಲ, ನನಗಿಂತ ಕೆಳಗಿದ್ದವರ ಮೇಲೆ. "ನಾವು ಇಷ್ಟು ಒದ್ದಾಡಬೇಕು, ಅವರು ಸುಮ್ಮನೆ ಬಂದುಬಿಡುತ್ತಾರೆ" ಎಂದು ಇದೇ ವೈನಿಯವರ ಮನೆಯಲ್ಲಿ ಅಂದಿದ್ದೆ. ಯಾರೂ ನನ್ನ ಮೇಲೆ ದನಿ ಏರಿಸಲಿಲ್ಲ. ಏರಿಸಬೇಕಿತ್ತು.

ಅದಕ್ಕಿಂತ ಹಿಂದಿನದು ಇನ್ನೂ ಇದೆ. ನಮ್ಮ ಮಣೂಕ ಶೆಡ್ಡಿಗೆ ತಾಂಡಾದಿಂದ ಬರುತ್ತಿದ್ದ ಹೆಂಗಸೊಬ್ಬಳು ಪ್ರತಿ ಬೇಸಿಗೆ ಕೂತು ದ್ರಾಕ್ಷಿ ಆರಿಸುತ್ತಿದ್ದಳು. ಹತ್ತು ಹನ್ನೊಂದು ವರ್ಷ ಬಂದಿರಬೇಕು. ಉಳಿದ ತಿಂಗಳು ಗಂಡನ ಜೊತೆ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಗುಳೆ ಹೋಗುತ್ತಿದ್ದಳು. ಅವಳ ನೀರಿನ ಲೋಟ ಶೆಡ್ಡಿನ ಮೂಲೆಯಲ್ಲಿ ಬೇರೆ ಇರುತ್ತಿತ್ತು. ಪರೀಕ್ಷೆ ರಜೆಯಲ್ಲಿ ನಾನು ಅವಳ ಪಕ್ಕ ಕೂತು ಮಣೂಕ ತಿನ್ನುತ್ತಾ ಓದುತ್ತಿದ್ದೆ. ಅವಳನ್ನು ಎಲ್ಲರೂ "ತಾಂಡಾದಾಕಿ" ಅನ್ನುತ್ತಿದ್ದೆವು. ಅವಳ ಹೆಸರು ನನಗೆ ಗೊತ್ತಿಲ್ಲ. ಭಾನುವಾರ ರಾತ್ರಿ ಅವ್ವನಿಗೆ ಫೋನ್ ಮಾಡಿ ಕೇಳಿದೆ. ಅವ್ವ ಬಹಳ ಹೊತ್ತು ನೆನಪು ಮಾಡಿಕೊಂಡು, "ಏನೋ ಬಾಯಿ ಅಂತ ಇತ್ತವ್ವಾ" ಅಂದಳು.

ಬಾಗಲಕೋಟೆಯ ತಮ್ಮ ನಿನ್ನೆ ಮೆಸೇಜು ಮಾಡಿದ್ದಾನೆ: "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಆದ್ರ ಕಾಯ್ದೆ ಅಂದ್ರ ಕಾಯ್ದೆ ಅಲ್ಲೇನ್ರಿ?" ಕಾಯ್ದೆಯನ್ನು ನಾನೂ ಬೇಡ ಅನ್ನುತ್ತಿಲ್ಲ, ತಮ್ಮಾ. ಕಾಯ್ದೆ ಮಾಡಲಿ. ದುಡಿದವರಿಗೆ ಕಾಗದ ಕೊಡುವ ಕಾಯ್ದೆ ಮಾಡಲಿ, ಗೊತ್ತಿದ್ದೂ ಕಣ್ಣು ಮುಚ್ಚುವ ಮಾಲೀಕನನ್ನು ಹಿಡಿಯುವ ಕಾಯ್ದೆ ಮಾಡಲಿ. ಬರುವ ಭಾನುವಾರ ಮನೆಗೆ ಬಾ, ಜೋಳದ ರೊಟ್ಟಿ ಮಾಡುತ್ತೇನೆ. ಊಟಕ್ಕೆ ಮೊದಲು ಬೆಳಿಗ್ಗೆ ಆರಕ್ಕೆ ಬಂದರೆ ಮಡೇರಾದ ಆ ತೋಟದ ತನಕ ಹೋಗಿ ಬರೋಣ. ಕಾರಿನ ಬಾಗಿಲು ಮಾತ್ರ ಮೆಲ್ಲಗೆ ಹಾಕಬೇಕು.

ಇವತ್ತು ಬೆಳಿಗ್ಗೆಯೂ ಅದೇ ದಾರಿಯಲ್ಲಿ ಹೋದೆ. ಶುಕ್ರವಾರ ಇಪ್ಪತ್ತೈದು ಜನ ಇದ್ದಲ್ಲಿ ಆರು ಜನ ಇದ್ದರು. ಉಳಿದವರು ಬೇರೆ ತೋಟಕ್ಕೆ ಹೋದರೋ, ಮನೆಯಲ್ಲೇ ಉಳಿದರೋ, ಕೇಳುವ ಧೈರ್ಯ ನನಗೆ ಆಗಲಿಲ್ಲ. ಅರ್ಧ ಸಾಲುಗಳಲ್ಲಿ ಹಾಳೆ ಹಾಸಿ ದ್ರಾಕ್ಷಿ ಹರಡಿತ್ತು, ಇನ್ನರ್ಧದಲ್ಲಿ ಗೊನೆಗಳು ಬಳ್ಳಿಯಲ್ಲೇ ಇದ್ದವು. ಮೊದಲನೇ ಸಾಲಿನಲ್ಲಿ ಅದೇ ಟೋಪಿ ಕಾಣಿಸಿದ ಹಾಗಾಯಿತು. ಕಾರು ನಿಲ್ಲಿಸಲಿಲ್ಲ.